ಪರದೆ ಹೋಗಲಿ, ಸೀರೆ ಉಳಿಯಲಿ

ಬೆಳಗಿನ ಐದೂಕಾಲು. ಹೊರಗೆ ಹನ್ನೊಂದು ಡಿಗ್ರಿ ಫ್ಯಾರನ್‌ಹೀಟ್; ಡ್ರೈವ್‌ವೇ ಮೇಲಿನ ಹಿಮದಲ್ಲಿ ಇನ್ನೂ ಒಂದು ಹೆಜ್ಜೆಯೂ ಮೂಡಿಲ್ಲ. ಮಿಷಿಗನ್ ರಾಜ್ಯದ ಕ್ಯಾಂಟನ್‌ನ ಈ ಬೀದಿಯಲ್ಲಿ ಒಂದೇ ಒಂದು ಅಡುಗೆಮನೆಯ ದೀಪ ಹತ್ತಿದೆ. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್, ಪಕ್ಕದಲ್ಲಿ ಆರುತ್ತಿರುವ ಚಹಾ, ಕಿಟಕಿಯ ಸರಳಿನಿಂದ ಇಳಿಬಿಟ್ಟ ಹಸಿರು ರೇಷ್ಮೆ ಸೀರೆ. ಸ್ವೆಟರಿನ ಮೇಲೆ ಶಾಲು ಹೊದ್ದು ಕೂತ ಜಯದೇವಿ ಒಮ್ಮೆ ಲ್ಯಾಪ್‌ಟಾಪ್ ನೋಡುತ್ತಾರೆ, ಒಮ್ಮೆ ಸೀರೆ ನೋಡುತ್ತಾರೆ, ಆಮೇಲೆ ಗಡಿಯಾರ.

"ಒಂಬತ್ತಕ್ಕ ಬಾಗಲಾ ಹಾಕ್ತಾರ್ರೀ. ಅಷ್ಟರೊಳಗ ಆ ಸಾಹೇಬ್ರು ಹೂಂ ಅಂದ್ರ ನಮ್ಮದೂ ಒಳಗ. ಇಲ್ಲಂದ್ರ ಮತ್ತ ಆರು ತಿಂಗಳು ಕಾಯೂದು."

ಯಾವ ಬಾಗಿಲು, ಯಾವ ಸಾಹೇಬರು ಅಂತೀರಾ? ಸಿನಿಮಾದ ನಾಯಕ ಮೋಡದ ಮೇಲೆ ನಡೆಯುವುದನ್ನು ನೀವೂ ನೋಡಿರುತ್ತೀರಿ. ಅವನು ನಡೆದಿರುವುದು ಒಂದು ಹಸಿರು ಬಟ್ಟೆಯ ಮುಂದೆ. ಆಮೇಲೆ ಕಂಪ್ಯೂಟರಿನಲ್ಲಿ ಹಸಿರನ್ನೆಲ್ಲ ಅಳಿಸಿ ಆ ಜಾಗದಲ್ಲಿ ಮೋಡ ತಂದು ಕೂರಿಸುತ್ತಾರೆ. ಹೀಗೆ ಚಿತ್ರದೊಳಗೆ ಚಿತ್ರ ಬೆಸೆಯುವ ತಂತ್ರಾಂಶವೊಂದನ್ನು ಹತ್ತಾರು ದೇಶಗಳ ಉತ್ಸಾಹಿಗಳು ಸಂಬಳವಿಲ್ಲದೆ ಕಟ್ಟಿ, ಎಲ್ಲರಿಗೂ ಉಚಿತವಾಗಿ ಕೊಡುತ್ತಿದ್ದಾರೆ. ಆರು ತಿಂಗಳಿಗೊಮ್ಮೆ ಅದರ ಹೊಸ ಆವೃತ್ತಿ; ಈ ಸಲದ್ದಕ್ಕೆ ಹೊಸ ಸಲಕರಣೆ ಸೇರಿಸುವ ಗಡುವು ಇವತ್ತು ಬೆಳಿಗ್ಗೆ ಒಂಬತ್ತಕ್ಕೆ. ಅದರಲ್ಲಿ ಕೆಲಸವೆಲ್ಲ ಪುಟ್ಟ ಪುಟ್ಟ ಚೌಕಗಳಲ್ಲಿ ನಡೆಯುತ್ತದೆ. ಇವಕ್ಕೆ ನೋಡ್ ಎನ್ನುತ್ತಾರೆ. ಚೌಕಕ್ಕೊಂದೇ ಕೆಲಸ, ಚೌಕದಿಂದ ಚೌಕಕ್ಕೆ ಗೆರೆ ಎಳೆದರೆ ಚಿತ್ರ ಮುಂದೆ ಸಾಗುತ್ತದೆ.

ಜಯದೇವಿ ಹೇಳುವುದು ಇನ್ನೂ ಸುಲಭವಾಗಿದೆ. "ಕಾರಿಗೆ ಪೇಂಟ್ ಹೊಡಿಯೂ ಲೈನ್ ಇದ್ದಂಗ್ರಿ. ಒಂದ್ ಕಡೆ ತೊಳೀತಾರ, ಮುಂದ ಪ್ರೈಮರ್, ಮುಂದ ಬಣ್ಣ, ಮುಂದ ಹೊಳಪು. ನಡುವ ಒಂದ್ ಸ್ಟೇಷನ್ ಕಡಿಮಿ ಐತಿ ಅಂತ ನಿಮಗ ಅನಿಸ್ತಂದ್ರ ನೀವ ಕಟ್ಟಿ ಕೊಡ್ರಿ ಅಂತಾರ. ನಾ ಒಂದು ಕಟ್ಟೀನಿ."

ಕಾರಿನ ಹೋಲಿಕೆ ಸುಮ್ಮನೆ ಬಂದದ್ದಲ್ಲ. ಗದಗಿನಿಂದ ಬಂದ, ಈಗ ಐವತ್ತೊಂದು ವರ್ಷದ ಈ ಹೆಂಗಸು ಹತ್ತೊಂಬತ್ತು ವರ್ಷ ಡೆಟ್ರಾಯಿಟ್ ಹೊರವಲಯದ ಬಣ್ಣದ ಪ್ರಯೋಗಾಲಯವೊಂದರಲ್ಲಿ ದುಡಿದವರು. ಗುದ್ದಿಸಿಕೊಂಡ ಕಾರಿಗೆ ಹೊಸ ಬಾಗಿಲು ಹಾಕಿದಾಗ ಅದರ ಬಣ್ಣ ಹಳೆಯ ಮೈಗೆ ಹೊಂದಬೇಕಲ್ಲ, ಆ ಬಣ್ಣ ಕೂಡಿಸುವುದು ಇವರ ಕೆಲಸ. ದಿನಕ್ಕೆ ಬಣ್ಣ ಬಳಿದ ನಲವತ್ತು ತಗಡು, ಒಂದೊಂದು ತಗಡನ್ನೂ ಐದು ಕೋನದಿಂದ ನೋಡಬೇಕು. "ನೆಟ್ಟಗ ನಿಂತು ನೋಡಿದ್ರ ಒಂದು ಬಣ್ಣ, ಓರೆಯಾಗಿ ನೋಡಿದ್ರ ಇನ್ನೊಂದು. ಎರಡೂ ಹೊಂದಬೇಕು. ಹೊಂದ್ತಂದ್ರ ನಾವು ಕೆಲಸಾ ಮಾಡೀವಿ ಅನ್ನೂದ ಯಾರಿಗೂ ಕಾಣಂಗಿಲ್ಲ!" ಎಂದು ನಗುತ್ತಾರೆ.

ಹೋದ ವರ್ಷದ ಫೆಬ್ರವರಿಯಲ್ಲಿ, ಕಾರು ಕೊಳ್ಳುವವರೇ ಇಲ್ಲದಾದ ದಿನಗಳಲ್ಲಿ, ಆ ಪ್ರಯೋಗಾಲಯಕ್ಕೆ ಬೀಗ ಬಿತ್ತು. ಒಂದೇ ಬೆಳಿಗ್ಗೆ ಇಪ್ಪತ್ತಮೂರು ಜನ ಹೊರಗೆ. ಉಳಿದ ಚೂರುಪಾರು ಕೆಲಸಕ್ಕೆ ಬೇರೆ ರಾಜ್ಯದಲ್ಲಿ ಒಂದು ಯಂತ್ರ ಸಾಕಂತೆ. "ನೂರಾ ಹನ್ನೆರಡು ಕಡೆ ಅಪ್ಲೈ ಮಾಡೀನ್ರಿ. ಕೆಲಸಾ ಹೋದದ್ದು ಒಂದ್ ಮಾತು. 'ನಿನ್ನ ಕಣ್ಣು ಬ್ಯಾಡ' ಅಂದಂಗ ಆತಲ್ಲ, ಅದು ನುಂಗಲಿಕ್ಕಾಗಲಿಲ್ಲ."

ರೆಸ್ಯುಮೆ ತಿದ್ದುವುದನ್ನು ಕಲಿಸುತ್ತಾರೆಂದು ಊರಿನ ಗ್ರಂಥಾಲಯಕ್ಕೆ ಹೋದರು. ಪಕ್ಕದ ಕಪಾಟಿನಲ್ಲಿ ಪ್ರೋಗ್ರಾಮಿಂಗ್ ಪುಸ್ತಕಗಳಿದ್ದವು. ಒಂದು ತಂದರು, ಅರ್ಥವಾಗಲಿಲ್ಲ, ಇನ್ನೊಂದು ತಂದರು. ಎಂಟು ತಿಂಗಳು ದಿನಾ ಬೆಳಿಗ್ಗೆ ಐದರಿಂದ ಎಂಟು.

ಅಷ್ಟರಲ್ಲಿ ನಡೆದದ್ದೇ ರಾಣಿಯ ಪ್ರಸಂಗ. ಡೆಟ್ರಾಯಿಟ್ ಮತ್ತು ಶಿಕಾಗೊದ ಕನ್ನಡಿಗರು ಸೇರಿ ಈ ಯುಗಾದಿಗೆ ತೋರಿಸಲು ಒಂದು ಕಿರುನಾಟಕವನ್ನು ವಿಡಿಯೊ ಮಾಡಲು ಹೊರಟಿದ್ದರು. ಮುಂದಾಳು ಶ್ರೀಧರ್, ಮೈಸೂರಿನ ಹುಡುಗಾಟದ ಎಂಜಿನಿಯರ್. ತಮ್ಮ ಬೇಸ್‌ಮೆಂಟಿನಲ್ಲಿ ಇಪ್ಪತ್ತು ಅಡಿ ಹಸಿರು ಕಾಟನ್ ಬಟ್ಟೆ ಕಟ್ಟಿದರು. ಅದರ ಜಾಗಕ್ಕೆ ಆಮೇಲೆ ಅರಮನೆ ಬರಬೇಕು. ರಾಣಿಯ ಪಾತ್ರಕ್ಕೆ ಶಿಕಾಗೊ ಬಳಿಯ ಪ್ಲೇನ್‌ಫೀಲ್ಡ್‌ನಿಂದ ಪದ್ಮಜಾ ಇನ್ನೂರೆಪ್ಪತ್ತು ಮೈಲಿ ಡ್ರೈವ್ ಮಾಡಿಕೊಂಡು ಬಂದರು. ಒಂದು ಶನಿವಾರವಿಡೀ ಚಿತ್ರೀಕರಣ ನಡೆಯಿತು. ಸಂಜೆ ಎಲ್ಲರೂ ಕಂಪ್ಯೂಟರಿನ ಸುತ್ತ ಕೂತರು, ಶ್ರೀಧರ್ ಗುಂಡಿ ಒತ್ತಿದರು. ಅರಮನೆ ಬಂತು. ಅದರೊಳಗೆ ಒಂದು ತಲೆ, ಎರಡು ಕೈ ಮತ್ತು ಒಂದು ಚಿನ್ನದ ಡಾಬು ಗಾಳಿಯಲ್ಲಿ ತೇಲುತ್ತ ಬಂದವು!

"ಆಂಟೀ, ಹಸಿರು ಪರದೆ ಅಂತ ಫೋನಲ್ಲಿ ಹೇಳಿದ್ನಲ್ಲ!"

"ಹೇಳಿದ್ಯಪ್ಪಾ. ಅದಕ್ಕೇ ಮ್ಯಾಚ್ ಆಗ್ಲಿ ಅಂತ ಹಸಿರು ಮೈಸೂರು ಸಿಲ್ಕ್ ಉಟ್ಕೊಂಡ್ ಬಂದೆ. ಬಳೆ ಸಮೇತ ಹಸಿರು!"

"ರಾಣಿ ಕೇಳಿದ್ರೆ ದೆವ್ವ ಬಂದಿದೆ ಆಂಟಿ."

"ನೀನು ಸರಿಮಾಡೋ. ಮತ್ತೆ ಐದು ಗಂಟೆ ಡ್ರೈವ್ ಮಾಡಲ್ಲ ನಾನು, ಸೀರೆನೂ ಬದಲಾಯ್ಸಲ್ಲ."

ಎಲ್ಲರೂ ಬಿದ್ದು ಬಿದ್ದು ನಗುವಾಗ, ಉಪ್ಪಿಟ್ಟಿನ ಪಾತ್ರೆ ಹಿಡಿದು ಹಿಂದೆ ನಿಂತಿದ್ದ ಜಯದೇವಿ ನಗಲಿಲ್ಲ. ಪದ್ಮಜಾ ತಿರುಗಿದಾಗ ಸೆರಗು ಮಿನುಗುತ್ತಿತ್ತು, ಮಡಿಕೆಯಲ್ಲಿ ಕಪ್ಪಾಗುತ್ತಿತ್ತು. ಹಿಂದಿನ ಕಾಟನ್ ಪರದೆಯ ಹಸಿರು ಮಾತ್ರ ಇದ್ದಂತೆಯೇ ಇತ್ತು. "ಪೇಂಟಿನ ತಗಡ ನೋಡಿದಂಗಾತ್ರಿ ನನಗ! ರೇಷ್ಮಿ ಅಲ್ಲಾಡಿದ್ರ ಬಣ್ಣ ಬದಲಾಗ್ತೈತಿ, ಕಾಟನ್ ಆಗಂಗಿಲ್ಲ. ಕಂಪ್ಯೂಟರ್ ಒಂದ ಚಿತ್ರ ನೋಡಿ ಅಳಸಾಕತ್ತೈತಿ. ಹತ್ತು ಚಿತ್ರ ಕೂಡಿಸಿ ನೋಡಿದ್ರ? ಬದಲಾಗದ ಹಸಿರು ಪರದಿ, ಬದಲಾಗೂದು ಸೀರಿ!"

ಹಾಗೆ ಹುಟ್ಟಿತು ಅವರ ನೋಡ್. ಅದನ್ನು ರಾಣಿಯ ವಿಡಿಯೊ ಸಮೇತ ಆ ಉಚಿತ ತಂತ್ರಾಂಶದ ಯೋಜನೆಗೆ ಕಳಿಸಿದರು. ಹೊಸ ಸಲಕರಣೆಗಳನ್ನು ಒರೆಹಚ್ಚಿ ಒಳಗೆ ಬಿಡುವುದು ಯುರೋಪಿನಲ್ಲಿ ಕೂತ ಒಬ್ಬ ಪರಿಶೀಲಕರು. ಜಯದೇವಿಯ ಬಾಯಲ್ಲಿ 'ಸಾಹೇಬ್ರು'. ಇಬ್ಬರೂ ಮುಖ ನೋಡಿಲ್ಲ. ಮೊದಲ ಸಲ ವಾಪಸ್: ಒಂದು ಚಿತ್ರಕ್ಕೆ ನಾಲ್ಕು ನಿಮಿಷ, ಇಷ್ಟು ನಿಧಾನ ನಡೆಯದು. ಬೆವರು ಸುರಿಸಿ ಮೂರು ಸೆಕೆಂಡಿಗೆ ತಂದರು. ಎರಡನೇ ಸಲವೂ ವಾಪಸ್: ಹಸಿರು ಪರದೆಯ ಮುಂದೆ ಹಸಿರು ಉಡುವವರು ಜಗತ್ತಿನಲ್ಲಿ ಎಷ್ಟು ಜನ?

"ನಮ್ಮ ಕಡೆ ಮದಿಮಗಳು ಹಸರ ಸೀರಿ ಉಡ್ತಾಳ, ಹಸರ ಬಳಿ ಇಡ್ತಾಳ, ಅಕಿನ್ನ ಅಳಿಸಿ ಬಿಡ್ತೀರೇನು ಅಂತ ಬರದೆ," ಎನ್ನುತ್ತಾರೆ ಜಯದೇವಿ. "ಆತು, ಮತ್ತೊಮ್ಮೆ ಕಳಿಸ್ರಿ ಅಂದ್ರು."

ಇವತ್ತಿನದು ಮೂರನೇ ಸಲ, ನಲವತ್ತೊಂದನೇ ರೂಪ. ಆರೂ ಹತ್ತಕ್ಕೆ ಮೇಲ್ ಬರುತ್ತದೆ. ಓದುತ್ತ ಓದುತ್ತ ಜಯದೇವಿಯ ಮುಖ ಇಳಿಯುತ್ತದೆ. ಉಳಿದದ್ದೆಲ್ಲ ಚೆನ್ನಾಗಿದೆ, ಆದರೆ ಶುರುವಿನಲ್ಲಿ ರಾಣಿ ಒಂದಿಷ್ಟು ಹೊತ್ತು ಅಲ್ಲಾಡದೆ ನಿಲ್ಲುತ್ತಾಳಲ್ಲ, ಆಗ ಸೀರೆ ಮಾಯ, ಅಂತ ಸಾಹೇಬರು ಬರೆದಿದ್ದಾರೆ. ಅಲ್ಲಾಡದ ರೇಷ್ಮೆಯ ಬಣ್ಣ ಬದಲಾಗುವುದಾದರೂ ಹೇಗೆ?

ಅಷ್ಟರಲ್ಲಿ ಗಂಡ ರವಿಶಂಕರ ಟೈ ಕಟ್ಟಿಕೊಳ್ಳುತ್ತ ಇಳಿದು ಬರುತ್ತಾರೆ. ಡಿಯರ್‌ಬಾರ್ನ್‌ನ ಕಾರು ಕಂಪನಿಯಲ್ಲಿ ಎಂಜಿನಿಯರ್, ಈಗ ವಾರಕ್ಕೆ ಮೂರೇ ದಿನ ಕೆಲಸ. "ಏನಂತ ನಿನ್ನ ಸಾಹೇಬ?"

"ಕಲ್ಲಿನಂಗ ನಿಂತಾಳಂತ್ರಿ ರಾಣಿ."

"ಪದ್ಮಜಾ ಅವರು ಸುಮ್ನ ನಿಂತದ್ದು ಯಾವಾಗ ನೋಡೀದಿ ನೀ?"

ಜಯದೇವಿ, ರೇಷ್ಮೆಯ ಬಣ್ಣ ನೋಡಲೆಂದು ತಾವೇ ಇಳಿಬಿಟ್ಟ ತಮ್ಮ ಸೀರೆಯತ್ತ ತಿರುಗುತ್ತಾರೆ. ನೆಲದ ಜಾಲರಿಯಿಂದ ಹೀಟರಿನ ಬಿಸಿಗಾಳಿ ಒಮ್ಮೆ ಭುಸ್ಸೆಂದು ಬರುತ್ತದೆ. ಕಿಟಕಿಯ ಬಳಿ ಅಷ್ಟು ಹೊತ್ತೂ ನಿಶ್ಚಲವಾಗಿದ್ದ ಸೀರೆಯ ಅಂಚು ಸಣ್ಣಗೆ ಏಳುತ್ತದೆ, ಮಿನುಗುತ್ತದೆ, ಮತ್ತೆ ಸುಮ್ಮನಾಗುತ್ತದೆ.

"ಅಯ್ಯ! ಒಮ್ಮೆ ಅಲ್ಲಾಡಿದ್ರ ಸಾಕಲ್ಲರೀ!" ಕುರ್ಚಿ ಕಿರ್ರೆನ್ನುತ್ತದೆ. "ಮುಂದ ಯಾವಾಗರ ಅಲ್ಲಾಡೇ ಅಲ್ಲಾಡ್ತಾಳ. ಆವಾಗ ಇದು ರೇಷ್ಮಿ ಅಂತ ನೆನಪಿಟ್ಕೊಂಡು, ಅದ ಬಟ್ಟಿ ಹಿಡಕೊಂಡು ಶುರುವಿಗೆ ಹೊಳ್ಳಿ ಬಂದ್ರಾತು! ನಾ ಬರೇ ಮುಂದ ಮುಂದ ನೋಡಾಕತ್ತೀನಿ!"

ಆಮೇಲೆ ಕೀಬೋರ್ಡಿನ ಮೇಲೆ ಬೆರಳುಗಳ ಸದ್ದು ಮಾತ್ರ. ಎಂಟಕ್ಕೆ ಹೊರಡಬೇಕಾದ ರವಿಶಂಕರ ಶೂ ಹಾಕಿಕೊಂಡವರು ಹಾಗೇ ನಿಂತಿದ್ದಾರೆ. ಎಂಟೂಕಾಲಾದರೂ ಕೀಲಿ ಕೈಯಲ್ಲೇ ಇದೆ. ವಿಡಿಯೊದ ಸಾವಿರದ ನೂರಾ ನಲವತ್ತು ಬಿಡಿ ಚಿತ್ರಗಳು ಒಂದೊಂದಾಗಿ ನೋಡ್‌ನೊಳಗಿಂದ ಹಾದು ಬರಬೇಕು. ಎಂಟೂವರೆಗೆ ಲ್ಯಾಪ್‌ಟಾಪಿನಲ್ಲಿ ಅರಮನೆ ಏಳುತ್ತದೆ. ಅದರ ನಡುವೆ ರಾಣಿ: ಅಲ್ಲಾಡದೆ, ಕಲ್ಲಿನಂತೆ, ನೆರಿಗೆ ಸಮೇತ, ಪೂರ್ತಿ!

ಎಂಟೂ ಮೂವತ್ತೈದಕ್ಕೆ ಕಳಿಸಿದ್ದಾಯಿತು. ಇನ್ನು ಕಾಯುವುದು. ಚಹಾ ಮೂರನೇ ಸಲ ಬಿಸಿಯಾಗುತ್ತದೆ, ಯಾರೂ ಕುಡಿಯುವುದಿಲ್ಲ. ಎಂಟೂ ಐವತ್ತೆರಡಕ್ಕೆ ಉತ್ತರ, ಒಂದೇ ಸಾಲು: ಸೇರಿಸಲಾಗಿದೆ. ಅದರ ಕೆಳಗೆ ಹೊಸ ಆವೃತ್ತಿಯ ಪಟ್ಟಿ. ಸಲಕರಣೆಯ ಎದುರಿಗೆ ಅದನ್ನು ಕಟ್ಟಿದವರ ಹೆಸರು. ಜಯದೇವಿ ಬೆರಳಿಟ್ಟು ತಮ್ಮ ಹೆಸರಿನ ಒಂದೊಂದು ಅಕ್ಷರವನ್ನೂ ಓದುತ್ತಾರೆ. ರವಿಶಂಕರ "ಹುರ್ರಾ!" ಎಂದು ಕೂಗಿದ್ದು ಪಕ್ಕದ ಮನೆಗೂ ಕೇಳಿಸಿರಬೇಕು.

ವಿಡಿಯೊ ಪ್ಲೇನ್‌ಫೀಲ್ಡ್‌ಗೆ ಹೋಗುತ್ತದೆ. ಹತ್ತೇ ನಿಮಿಷಕ್ಕೆ ಫೋನ್. "ಜಯದೇವೀ, ಎಷ್ಟ್ ಚೆನ್ನಾಗ್ ಬಂದಿದೆ ಸೀರೆ! ಜರಿ ಕೂಡ ಕಾಣತ್ತೆ!" ಪದ್ಮಜಾರ ದನಿ ಅಡುಗೆಮನೆ ತುಂಬುತ್ತದೆ. ಮರುಕ್ಷಣವೇ, "ಅಲ್ಲಾ, ನನ್ನ ಬಳೆ ಎಲ್ಹೋಯ್ತು? ಎರಡ್ ಡಜನ್ ಹಾಕ್ಕೊಂಡಿದ್ದೆ!"

ಜಯದೇವಿ ವಿಡಿಯೊವನ್ನು ಮೊದಲಿನಿಂದ ನೋಡುತ್ತಾರೆ. ಹೌದು; ರಾಣಿಯ ಮುಂಗೈ ಬರಿದು, ಬಳೆಗಳಿರಬೇಕಾದಲ್ಲಿ ಅರಮನೆಯ ಕಂಬ. ಬಳೆಯ ಗಾಜು ತನ್ನೊಳಗಿಂದ ಹಿಂದಿನ ಪರದೆಯ ಹಸಿರನ್ನೇ ತೋರಿಸುತ್ತದಲ್ಲ. ಯೋಜನೆಯಲ್ಲಿ ಇದಕ್ಕೆ ಇನ್ನೂ ಯಾರ ನೋಡ್ ಕೂಡ ಇಲ್ಲವಂತೆ.

ಅವರ ಮುಖದಲ್ಲಿ ಬೇಸರ ಹುಡುಕಿದರೆ ಸಿಗುವುದಿಲ್ಲ. ಒಳಗೆ ಹೋಗಿ ತಮ್ಮ ಹಸಿರು ಬಳೆಗಳ ಡಬ್ಬಿ ತರುತ್ತಾರೆ. ಒಂದನ್ನು ಕಿಟಕಿಯ ಬೆಳಕಿಗೆ ಹಿಡಿದು ನೆಟ್ಟಗೆ ನೋಡುತ್ತಾರೆ, ಆಮೇಲೆ ತಗಡು ನೋಡುತ್ತಿದ್ದಂತೆ ಓರೆಯಾಗಿ.

"ಮದಿಮಗಳ ಸೀರಿ ಉಳೀತ್ರಿ," ಎನ್ನುತ್ತಾರೆ, ಕಣ್ಣು ಬಳೆಯ ಮೇಲೇ ಇಟ್ಟು. "ಅಕಿನ ಬಳಿನೂ ಉಳಿಸಿಬಿಟ್ರ ನನಗ ಸಾಕು."