ಗೊಂಬೆ ಟ್ರಂಕಿನ ಕೆಳಗಿನ ಸ್ಟೆಪ್ನಿ

ನಮ್ಮ ದಿನಕರ ಚಿಕ್ಕಪ್ಪ ಬ್ಯಾಂಕ್ ಆಫೀಸರು. ಮೈಸೂರಿನವರು. ಮೂರು ವರ್ಷಕ್ಕೊಮ್ಮೆ ಬ್ಯಾಂಕು ಅವರನ್ನು ಎತ್ತಿ ಬೇರೆ ಊರಿಗೆ ಹಾಕುತ್ತದೆ, ಅವರು ಮನೆ ಎತ್ತಿ ಲಾರಿಗೆ ಹಾಕುತ್ತಾರೆ, ಲಾರಿ ಏನಾದರೊಂದನ್ನು ಒಡೆಯುತ್ತದೆ. ಹುಬ್ಬಳ್ಳಿಯಿಂದ ವಿಜಯವಾಡಕ್ಕೆ ಬಂದಾಗ ಒಡೆದದ್ದು ಅನಸೂಯಾ ಚಿಕ್ಕಮ್ಮನ ದಸರಾ ಗೊಂಬೆಗಳಲ್ಲಿ ಓಲಗದವನ ತಲೆ. ಅವರ ಅಜ್ಜಿಯ ಕಾಲದ ಮಣ್ಣಿನ ಗೊಂಬೆ. ಆಮೇಲೆ ಪ್ರತಿ ದಸರೆಯಲ್ಲೂ ಮದುವೆ ದಿಬ್ಬಣದ ಮುಂದೆ ಅವನು ತಲೆಯಿಲ್ಲದೆಯೇ ಓಲಗ ಊದುತ್ತ ನಿಂತ.

ಎಂಬತ್ತೊಂಬತ್ತರಲ್ಲಿ ವಿಶಾಖಪಟ್ಟಣಕ್ಕೆ ವರ್ಗವಾಯಿತು. ಚಿಕ್ಕಮ್ಮ ಈರುಳ್ಳಿ ಹೆಚ್ಚುತ್ತಲೇ ತೀರ್ಪು ಕೊಟ್ಟರು.

"ಇದೊಂದ್ಸಲ ಬರ್ತೀನಿ. ಇನ್ನೊಂದು ತಲೆ ಹೋದ್ರೆ ಮುಂದಿನ ಟ್ರಾನ್ಸ್‌ಫರ್‌ಗೆ ನೀವೊಬ್ರೇ ಹೋಗಿ. ನಾನು ಸಾಮಾನಿನ ಜೊತೆ ಒಂದೇ ಕಡೆ ಇರ್ತೀನಿ."

ಚಿಕ್ಕಪ್ಪನಿಗೆ ಅನ್ನ ಮಾಡಲು ಬರುವುದಿಲ್ಲ. ಒಬ್ಬರೇ ಮಲಗಲೂ ಬರುವುದಿಲ್ಲ, ದೀಪ ಬೇಕು. ಮಾರನೆಯ ಭಾನುವಾರವೇ ಅವರು ಗ್ಯಾರೇಜುಗಳ ಬೀದಿ ಆಟೋನಗರಕ್ಕೆ ಹೋಗಿ, ಲಾರಿಯ ಸಹವಾಸವೇ ಬೇಡವೆಂದು ತಮ್ಮ ಫಿಯಟ್ ಕಾರಿನ ಹಿಂದೆ ಕಟ್ಟುವ ಟ್ರೇಲರ್ ಮಾಡಿಸಲು ನಿಂತರು. ವಿಜಯವಾಡದ ಭವಾನಿಪುರಂನಲ್ಲಿ ಅವರ ಮನೆಯಲ್ಲೇ ಇದ್ದು ಕಾಲೇಜಿಗೆ ಹೋಗುತ್ತಿದ್ದ ನಾನೂ ಜೊತೆಗಿದ್ದೆ. ಇಂಥದ್ದನ್ನು ತಪ್ಪಿಸಿಕೊಳ್ಳುವುದುಂಟೇ!

ವೆಲ್ಡಿಂಗ್ ಅಂಗಡಿಯ ಕಾಮೇಶ್ವರನ ತಾಯಿ ಬಳ್ಳಾರಿಯವರು, ಆದ್ದರಿಂದ ಅವನಿಗೆ ಕನ್ನಡ ಬರುತ್ತಿತ್ತು. ಚೌಕಟ್ಟು ಎರಡು ದಿನದಲ್ಲಿ ಮುಗಿಯಿತು. ಚಕ್ರಕ್ಕೆ ಮೂರು ವಾರ ಹಿಡಿಯಿತು.

"ಸ್ಕೂಟರ್ ಚಕ್ರ ಹಾಕ್ಸಿ ಸಾರ್. ಹಗುರ. ನನ್ನ ಹತ್ರ ಒಂದು ಜೊತೆ ಸಿದ್ಧವಾಗೇ ಇದೆ."

"ನಿನ್ನ ಹತ್ರ ಇದೆ ಅಂತ ನಾನು ಹಾಕಿಸ್ಬೇಕಾ?"

"ಹಂಗಾದ್ರೆ ಜೀಪಿಂದು. ಆನೆ ಕೂರಿಸಿದ್ರೂ ಹೋಗತ್ತೆ."

"ಆನೆ ತಗೊಂಡು ಹೋಗ್ತಿಲ್ಲಪ್ಪ, ನಮ್ಮ ಮನೆಯೋರ ಗೊಂಬೆ."

ಚಿಕ್ಕಪ್ಪ ರಾತ್ರಿ ಊಟಕ್ಕೆ ಕೂತಾಗಲೂ ಚಕ್ರದ ಮಾತೇ. ಸ್ಕೂಟರಿನದು ಚಿಕ್ಕದು, ಗುಂಡಿ ಸಿಕ್ಕರೆ ಇಳಿದೇಬಿಡುತ್ತದೆ. ಜೀಪಿನದು ಎತ್ತರ, ಸಾಮಾನು ತೂಗಾಡುತ್ತದೆ. ಕೊನೆಗೆ ಫಿಯಟ್ಟಿನ ಚಕ್ರವನ್ನೇ ಹಾಕಿಸಿದರು. ಕಾರಿಗೂ ಟ್ರೇಲರಿಗೂ ಒಂದೇ ಅಳತೆ, ಆರು ಚಕ್ರಕ್ಕೂ ಒಂದೇ ಸ್ಟೆಪ್ನಿ ಸಾಕು ಎಂಬುದು ಅವರ ಸಿದ್ಧಾಂತ. ಎದುರುಮನೆಯ ಸೂರ್ಯಕಾಂತಮ್ಮನವರಿಗೂ ಇದನ್ನು ವಿವರಿಸಿದರು. ಅವರು "ಅಲಾಗಾ ಅಂಡಿ", ಹೌದಾ ಎಂದಷ್ಟೇ ತೆಲುಗಿನಲ್ಲಿ ಹೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಹೊರಡುವ ದಿನ ಬೆಳಿಗ್ಗೆ ಚಕ್ರಗಳಿಗೆಲ್ಲ ಅರಿಶಿನ ಕುಂಕುಮ ಹಚ್ಚಿ ಪೂಜೆಯಾಯಿತು. ಸ್ಟೆಪ್ನಿಗೂ ಆಯಿತು. ಡಿಕ್ಕಿಯಲ್ಲಿ ಪಾತ್ರೆ ತುಂಬಿದ್ದರಿಂದ ಅದಕ್ಕೆ ಜಾಗವಿರಲಿಲ್ಲ.

"ಪೂಜೆ ಮಾಡಿದ್ದನ್ನ ಹೊರಗಡೆ ತೂಗುಹಾಕ್ಬೇಡಿ. ಟ್ರಂಕಿನ ಕೆಳಗಿಡಿ, ಗೊಂಬೆಗಳಿಗೆ ಮೆತ್ತೆ ಆಗತ್ತೆ" ಎಂದರು ಚಿಕ್ಕಮ್ಮ.

ಚಿಕ್ಕಪ್ಪನಿಗೆ ಇದು ಬಹಳ ಹಿಡಿಸಿತು. ಟ್ರೇಲರಿನ ತಳದಲ್ಲಿ ಸ್ಟೆಪ್ನಿ ಮಲಗಿಸಿ, ಅದರ ಮೇಲೆ ಗೊಂಬೆ ಟ್ರಂಕು, ಸುತ್ತ ಹಾಸಿಗೆ, ಮೇಲೆ ಮಂಚ, ಮೇಜು, ಹೊಲಿಗೆ ಯಂತ್ರ ಎಲ್ಲ ಏರಿಸಿ ಹಗ್ಗ ಬಿಗಿದರು. ಪಂಕ್ಚರ್ ಆದರೆ ಸ್ಟೆಪ್ನಿ ಬೇಕಾಗುತ್ತದೆ ಎಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಅರ್ಧ ದಾರಿ ದಾಟಿದ ಮೇಲೆ ತುನಿ ಎಂಬ ಊರಿನ ಹತ್ತಿರ ಟ್ರೇಲರಿನ ಎಡಗಡೆ ಚಕ್ರ ಪಂಕ್ಚರ್ ಆಯಿತು.

ಮನೆಯಿಡೀ ರಸ್ತೆ ಪಕ್ಕ ಇಳಿಯಿತು. ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದ ಒಬ್ಬಾಕೆ ನಿಂತು, "ಮಂಚಂ ಎಂತಂಡಿ?" ಎಂದು ಬೆಲೆ ಕೇಳಿದಳು. ಮಾರುವುದಿಲ್ಲ ಎಂದು ಚಿಕ್ಕಪ್ಪ ಹೇಳಿದ್ದು ಚೌಕಾಸಿಯ ಶುರು ಎಂದುಕೊಂಡು ಮಂಚದ ಮೇಲೆ ಕೂತೇ ನೋಡಿದಳು.

ಸ್ಟೆಪ್ನಿ ಹೊರಬಂತು, ಚಕ್ರ ಬದಲಾಯಿತು. ಗೊಂಬೆ ಟ್ರಂಕಿನ ಕೆಳಗೆ ಮಾತ್ರ ಈಗ ಬರೀ ಕಬ್ಬಿಣದ ತಗಡು. ಚಿಕ್ಕಪ್ಪ ಪಂಕ್ಚರ್ ಆದ ಚಕ್ರವನ್ನು ಉರುಳಿಸಿಕೊಂಡು ಹೊರಟರು.

"ಎಲ್ಲಿಗ್ರೀ?"

"ಅಲ್ಲೇ ಮುಂದೆ ಅಂಗಡಿ ಇದೆ ಕಣೇ, ಅಂಟಿಸಿ ಗಾಳಿ ತುಂಬಿಸ್ಕೊಂಡು ಬರ್ತೀನಿ."

ಚಿಕ್ಕಮ್ಮ ಆ ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು, ಮಾವಿನಹಣ್ಣು ನೋಡುವ ಹಾಗೆ.

"ಇದೇ ಮೆತ್ತಗಿದೆ. ಗಾಳಿ ಬೇಡ. ಹೀಗೇ ಟ್ರಂಕಿನ ಕೆಳಗಿಡಿ."

"ಇನ್ನೊಂದು ಪಂಕ್ಚರ್ ಆದ್ರೆ?"

"ಆದ್ರೆ ನಿಲ್ಲೋಣ. ಟೈರ್ ಅಂಟತ್ತೆ ರೀ. ತಲೆ ಅಂಟಲ್ಲ."

ಮೂರು ವಾರ ಸ್ಟೆಪ್ನಿಯ ಸಿದ್ಧಾಂತ ಹೇಳಿದ ಮನುಷ್ಯ ಆರು ಚಕ್ರಕ್ಕೆ ಒಂದೂ ಸ್ಟೆಪ್ನಿಯಿಲ್ಲದೆ ವಿಶಾಖಪಟ್ಟಣದವರೆಗೆ ಓಡಿಸಿದರು. ಸೈಕಲ್ಲುಗಳು ನಮ್ಮನ್ನು ದಾಟಿ ಹೋದವು. ರಸ್ತೆಯಲ್ಲಿ ಚಿಕ್ಕ ಕಲ್ಲು ಕಂಡರೂ ಚಿಕ್ಕಪ್ಪ ಹಾರ್ನ್ ಹೊಡೆದರು.

ಕ್ವಾರ್ಟರ್ಸಿನ ಹಜಾರದಲ್ಲಿ ಚಿಕ್ಕಮ್ಮ ಟ್ರಂಕು ತೆರೆದು, ಹಳೆ ಸೀರೆ ಬಿಚ್ಚಿ, ಗೊಂಬೆಗಳನ್ನು ಒಂದೊಂದಾಗಿ ನೆಲದ ಮೇಲೆ ನಿಲ್ಲಿಸಿದರು. ಚಿಕ್ಕಪ್ಪ ಗೋಡೆಗೆ ಒರಗಿ ಒಂದೊಂದು ತಲೆಯನ್ನೂ ಎಣಿಸುತ್ತಿದ್ದರು. ಮದುಮಗ, ಮದುಮಗಳು, ಪುರೋಹಿತರು, ಬೀಗರು. ಓಲಗದವನೊಬ್ಬನನ್ನು ಬಿಟ್ಟರೆ ಎಲ್ಲರ ತಲೆಯೂ ಅಲ್ಲಲ್ಲೇ ಇತ್ತು.

ಚಿಕ್ಕಮ್ಮ ಟ್ರಂಕಿನ ಮುಚ್ಚಳ ಹಾಕಿ ಎದ್ದರು.

"ರೀ, ಇಲ್ಲಿ ಮೂರು ವರ್ಷ ಆದ್ಮೇಲೆ ನಮ್ಮನ್ನ ಎಲ್ಲಿಗೆ ಹಾಕ್ತಾರೆ?"

"ನಮ್ಮನ್ನ?" ಎಂದರು ಚಿಕ್ಕಪ್ಪ.

"ರಸ್ತೆ ಚೆನ್ನಾಗಿರೋ ಊರು ಕೇಳಿ" ಎಂದು ಚಿಕ್ಕಮ್ಮ ಕಾಫಿಗೆ ನೀರಿಡಲು ಹೋದರು.