ಹೌಸಿ ಟಿಕೆಟ್ ಬೇಡವೆಂದ ಭಾನುವಾರ

ಮುಂಬಯಿಯಲ್ಲಿ ಯಾರೂ ಬೇಕೆಂದೇ ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುವ ಸ್ಲೋ ಲೋಕಲ್ ರೈಲು ಹತ್ತುವುದಿಲ್ಲ, ಅದೂ ಚರ್ಚ್‌ಗೇಟಿನಿಂದ ಬೊರಿವಲಿಯವರೆಗೆ. ನನ್ನ ಗಂಡ ಹತ್ತತೊಡಗಿದ್ದರು. ಫಾಸ್ಟ್ ಗಾಡಿಯ ನೂಕುನುಗ್ಗಲು ಈ ವಯಸ್ಸಿಗೆ ಆಗುವುದಿಲ್ಲ, ಸ್ಲೋ ಗಾಡಿಯಲ್ಲಿ ಕೂರಲು ಜಾಗ ಸಿಗುತ್ತದೆ ಎಂದರು. ನಾನು ನಂಬಿದೆ. ನಿಜವಾಗಿ ನಂಬಿದ್ದೆನೆ? ಆಗಲೇ ಅನುಮಾನ ಬಂದಿತ್ತು ಎಂದು ಈಗ ಅನ್ನಿಸುತ್ತದೆ. ಆದರೆ ಆ ದಿನಗಳ ಡೈರಿ ತೆರೆದರೆ ಅನುಮಾನದ ಸುಳಿವೇ ಇಲ್ಲ. ‘ಮೊಣಕಾಲು ನೋವಂತೆ, ಎಣ್ಣೆ ತರಬೇಕು’ ಎಂದಷ್ಟೇ ಬರೆದಿದೆ. ಎಲ್ಲ ತಿಳಿದ ಮೇಲೆ ನೆನಪು ಹಿಂದಕ್ಕೆ ಹೋಗಿ ನನ್ನನ್ನು ಜಾಣೆಯನ್ನಾಗಿ ಮಾಡಿ ಬಂದಿದೆ.

ಜಾಗ ಬೇಕಾಗಿದ್ದದ್ದು ಫೋನಿನಲ್ಲಿ ಹಣ ಕಟ್ಟಿ ರಮ್ಮಿ ಆಡಲು. ಫಾಸ್ಟ್ ಗಾಡಿಯಲ್ಲಿ ಕಂಬಿ ಹಿಡಿದು ನಿಂತವರಿಗೆ ಎಲೆ ಜೋಡಿಸಲು ಕೈ ಇರುವುದಿಲ್ಲ. ಸ್ಲೋ ಗಾಡಿಯಲ್ಲಿ ಕೂತು ಆಡಬಹುದು, ಹೆಚ್ಚು ಹೊತ್ತೂ ಆಡಬಹುದು. ಮಗಳ ಕಾಲೇಜಿನ ಫೀ ತುಂಬುವ ದಿನ ಬಂದಾಗ ಅವರೇ ಎದುರು ಕೂತು, ಅದಕ್ಕೆಂದು ತೆಗೆದಿಟ್ಟದ್ದು ಉಳಿದಿಲ್ಲ ಎಂದು ಹೇಳಿದರು. ನಾನು ಕೂಗಾಡಿದೆ ಎಂದು ಮಗಳು ಹೇಳುತ್ತಾಳೆ. ನನಗೆ ನೆನಪಿರುವುದು ಕುಕ್ಕರಿನ ಸೀಟಿ ಮಾತ್ರ.

ಮನೋವೈದ್ಯರ ಬಳಿ ಹೋಗತೊಡಗಿದೆವು. ಅಷ್ಟರಲ್ಲಿ ಹಣ ಕಟ್ಟಿ ಆಡುವ ಆಟಗಳನ್ನು ಸರ್ಕಾರವೇ ನಿಷೇಧಿಸಿತು. ಆ್ಯಪ್ ತೆರೆದರೆ ಆಟವಿಲ್ಲ. ಇನ್ನು ಚಿಂತೆಯಿಲ್ಲ ಅಲ್ಲವೆ ಎಂದು ನಾನು ಕೇಳಿದೆ. ಹುಡುಕಿದರೆ ಕಳ್ಳದಾರಿಯ ಆಟಗಳು ಸಿಕ್ಕೇ ಸಿಗುತ್ತವೆ ಎಂದರು ವೈದ್ಯರು. ಆಮೇಲೆ ನನ್ನ ಗಂಡನ ಕಡೆ ತಿರುಗಿ, ಸಣ್ಣದು ಎಂದು ಯಾವ ಪಂದ್ಯವನ್ನೂ ಆಡಬೇಡಿ, ಐದು ರೂಪಾಯಿಯದ್ದನ್ನೂ ಆಡಬೇಡಿ ಎಂದರು. ಮನೆಗೆ ಬಂದು ನನ್ನ ಗಂಡ ಬ್ಯಾಂಕಿನ ವ್ಯವಹಾರವನ್ನೆಲ್ಲ ನನ್ನ ಫೋನಿಗೆ ಬದಲಿಸಿದರು. ತಿಂಗಳುಗಳು ಕಳೆದವು. ಬೊರಿವಲಿಯ ಕನ್ನಡ ಸಂಘದ ಕುಟುಂಬ ಮಿಲನ ಬಂತು.

ಹಿಂದಿನ ವರ್ಷ ನಾವು ಹೋಗಿರಲಿಲ್ಲ. ಈ ಸಲ ಅವರೇ ಹೊರಟರು. ಸಭಾಗೃಹದ ಮೆಟ್ಟಿಲು ಹತ್ತುವಾಗ ನನಗೆ ಹೊಳೆಯಿತು: ಊಟಕ್ಕೆ ಮೊದಲು ಹೌಸಿ ಇರುತ್ತದೆ! ನಂಬರ್ ಕೂಗುತ್ತಾರೆ, ಟಿಕೆಟಿನಲ್ಲಿದ್ದರೆ ಅದರ ಮೇಲೆ ಗೀಟು ಹೊಡೆಯುವುದು, ಮೊದಲು ಸಾಲು ತುಂಬಿದವರಿಗೆ ಬಹುಮಾನ. ಮಕ್ಕಳು ಮುದುಕರೆನ್ನದೆ ಎಲ್ಲರೂ ಆಡುತ್ತಾರೆ. ಇಪ್ಪತ್ತು ರೂಪಾಯಿಯ ಟಿಕೆಟ್. ನನ್ನ ಗಂಡ ಪ್ರತಿ ವರ್ಷ ನಾಲ್ಕೈದು ತೆಗೆದುಕೊಳ್ಳುತ್ತಿದ್ದರು.

ಅವರಿಗೆ ತಲೆನೋವು ಎಂದು ಹೇಳಿಬಿಡುವುದು ಅಂದುಕೊಂಡೆ. ಸಂಘದಲ್ಲಿ ಯಾರಿಗೂ ವಿಷಯ ಗೊತ್ತಿರಲಿಲ್ಲ. ಸುಳ್ಳು ಸಿದ್ಧವಾಗಿತ್ತು, ಆದರೆ ಹೇಳಲು ನಾನು ಅವರ ಪಕ್ಕದಲ್ಲಿರಬೇಕಿತ್ತು. ಪರಿಚಯದವರೊಬ್ಬರು ಕೈ ಹಿಡಿದು ಮಾತಿಗೆ ನಿಲ್ಲಿಸಿದರು. ತಿರುಗಿ ನೋಡುವಷ್ಟರಲ್ಲಿ ಟಿಕೆಟ್ ಹಂಚುವವರು ನನ್ನ ಗಂಡನ ಮುಂದೆ ನಿಂತಾಗಿತ್ತು.

ಹಂಚುತ್ತಿದ್ದವರು ಉಡುಪಿ ಕಡೆಯ ಹೋಟೆಲು ಮಾಲೀಕರ ಹೆಂಡತಿ. ಎಲ್ಲರಿಗೂ ಅವರು ಅಕ್ಕ.

“ನಿಮಗೆ ಐದು ಅಲ್ವಾ?”

“ಬ್ಯಾಡ್ರೀ ಅಕ್ಕಾರ.”

“ಎಂತ ಮಾರಾಯ್ರೆ, ನೀವೇ ಬೇಡ ಅಂದ್ರೆ ಹೇಗೆ? ಆಯ್ತು, ಒಂದು ತೆಗೊಳ್ಳಿ.”

“ನನಗ ಚಟ ಹತ್ತಿತ್ತು ಅಕ್ಕಾರ, ಫೋನಿನ್ಯಾಗ. ರೊಕ್ಕ ಹಚ್ಚಿ ಆಡೋದು. ಭಾಳ ಕಳಕೊಂಡೆ. ಈಗ ಬಿಟ್ಟೀನಿ, ಯಾವುದೂ ಮುಟ್ಟೋದಿಲ್ಲ.”

“ಅಯ್ಯೋ, ಇದು ಮಕ್ಕಳಾಟ!”

“ಮಕ್ಕಳಿಗೇ ಕೊಡ್ರಿ ಹಂಗಾದ್ರ.”

ಎದ್ದು ನಿಂತು, ಸುತ್ತಲಿನವರಿಗೆ ಕೇಳುವ ಹಾಗೆ ಹೇಳಿದರು ಎಂದು ನಾನು ನೆನಪಿಟ್ಟುಕೊಂಡಿದ್ದೇನೆ. ಕುರ್ಚಿಯಿಂದ ಏಳಲೇ ಇಲ್ಲ, ಮೆಲ್ಲಗೇ ಹೇಳಿದೆ ಎನ್ನುತ್ತಾರೆ ಅವರು. ಇರಬಹುದು. ಆದರೆ ನಂಬರ್ ಕೂಗಲು ಮೈಕ್ ಹಿಡಿದು ಪಕ್ಕದಲ್ಲೇ ನಿಂತಿದ್ದ ಅಕ್ಕನ ಗಂಡನಿಗಂತೂ ಕೇಳಿಸಿತು. ಅವರು ಹೆಂಡತಿಗೆ ಹೇಳಿದ್ದು ಮೈಕಿನಲ್ಲಿ ಇಡೀ ಸಭಾಗೃಹಕ್ಕೆ ಕೇಳಿಸಿತು.

“ನಾನು ಒಂದೇ ಒಂದು ಹೋಳಿಗೆ ಕೇಳಿದ್ರೆ ನೀನು ಕೊಡ್ತೀಯಾ? ಶುಗರ್ ಅಂತ ತಟ್ಟೆಯನ್ನೇ ಎಳೆಯುದಿಲ್ವಾ? ಅವರನ್ನು ಬಿಡು.”

“ಅದು ಬೇರೆ, ಇದು ಬೇರೆ.”

“ಎಂತ ಬೇರೆ? ಹಾಗಾದ್ರೆ ಇವತ್ತು ನನಗೊಂದು ಹೋಳಿಗೆ.”

“ಸಿಗುದಿಲ್ಲ!”

ಎಲ್ಲರೂ ನಕ್ಕರು. ನಗು ನನ್ನ ಗಂಡನ ಮೇಲೆ ಬಂತೇನೋ ಎಂದುಕೊಂಡೆ. ಅಲ್ಲ, ಅದು ಹೋಳಿಗೆಯ ನಗು. ಬಹಳ ಜನರಿಗೆ ಚಟದ ಮಾತು ಕೇಳಿಸಿರಲೇ ಇಲ್ಲವೇನೋ. ಅಕ್ಕ ಟಿಕೆಟ್ ಕಟ್ಟನ್ನು ಕಂಕುಳಿಗೆ ಸೇರಿಸಿ ನನ್ನ ಗಂಡನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

“ಆಡುದಿಲ್ಲಾಂದ್ರೆ ಸುಮ್ಮನೆ ಕೂರ್ಬೇಡಿ. ಅಡುಗೆಮನೆಯಲ್ಲಿ ಪಾತ್ರೆ ಎತ್ತಲಿಕ್ಕೆ ಜನ ಇಲ್ಲ. ಹೋಗಿ.”

ನನ್ನ ಗಂಡ ಅಂಗಿಯ ತೋಳು ಮಡಚಿಕೊಂಡು ಹೊರಟೇಬಿಟ್ಟರು.

ನನ್ನ ಕೈಗೂ ಯಾರೋ ಒಂದು ಟಿಕೆಟ್ ಕೊಟ್ಟರು. ನಂಬರುಗಳು ಬರುತ್ತಿದ್ದವು, ಕುರ್ಚಿಗಳಲ್ಲಿ ಜನ ಮುಂದಕ್ಕೆ ಬಾಗಿದ್ದರು. ನಾನು ಅಡುಗೆಮನೆಯ ಬಾಗಿಲನ್ನೇ ನೋಡುತ್ತಿದ್ದೆ. ಇನ್ನೊಬ್ಬರ ಜೊತೆ ಅನ್ನದ ದೊಡ್ಡ ಪಾತ್ರೆ ಹಿಡಿದುಕೊಂಡು ನನ್ನ ಗಂಡ ಒಮ್ಮೆ ಹೊರಬಂದರು. “ಫಸ್ಟ್ ಲೈನ್!” ಎಂದು ಯಾರೋ ಕೂಗಿದರು. ಆ ಕೂಗಿಗೆ ಅವರು ತಿರುಗಿದರೆ? ತಿರುಗಿದರು. ಹಿಂದೆ ಬರುತ್ತಿದ್ದವರಿಗೆ ಹೊಸ್ತಿಲಿದೆ ಎಂದು ಹೇಳಿ, ಪಾತ್ರೆ ಇಳಿಸಿ, ಮತ್ತೆ ಒಳಗೆ ಹೋದರು. ಅಷ್ಟೇ. ಗುಣವಾಗಿದೆ ಎನ್ನಲು ಅಷ್ಟು ಸಾಕೆ? ಗೊತ್ತಿಲ್ಲ. ನನ್ನ ಹೆಗಲು ಸಡಿಲಾದದ್ದಂತೂ ಗೊತ್ತು. ಅದು ಅಷ್ಟು ದಿನ ಬಿಗಿದುಕೊಂಡಿತ್ತು ಎಂಬುದೇ ನನಗೆ ತಿಳಿದಿರಲಿಲ್ಲ.

ಊಟದ ಪಂಕ್ತಿಯಲ್ಲಿ ಅವರು ಸಾರಿನ ಬಕೆಟ್ಟು ಹಿಡಿದು ಬಂದರು. ನನ್ನ ಮುಂದೆ ನಿಂತು, ಗುರುತೇ ಇಲ್ಲದವರ ಹಾಗೆ, “ಸಾರು ಹಾಕ್ಲೇನ್ರೀ ಬಾಯಾರ?” ಎಂದರು.

“ಹಾಕ್ರಿ.”

“ಹೌಸಿ ಹತ್ತಿತೇನು?”

“ಒಂದ ನಂಬರಿಗೂ ಗೀಟ ಹೊಡದಿಲ್ಲ.”

“ಯಾಕ?”

“ನಿಮ್ಮನ್ನ ನೋಡಕೋತ ಕುಂತಿದ್ದೆ.”

ಅವರು ಸೌಟನ್ನು ಬಕೆಟ್ಟಿನೊಳಗೆ ಒಮ್ಮೆ ತಿರುಗಿಸಿ, ತಳದ ಬೇಳೆ ಎತ್ತಿ ನನ್ನ ಎಲೆಗೆ ಬಡಿಸಿದರು.

“ಸಾಕಿನ್ನ ನೋಡೋದು. ಉಣ್ಣು,” ಎಂದು ಮುಂದಿನ ಎಲೆಗೆ ಹೋದರು.

ನಾನು ಉಂಡೆ. ಅನ್ನ ಇನ್ನೊಮ್ಮೆ ಕೇಳಿ ಹಾಕಿಸಿಕೊಂಡೆ. ಅವರು ಯಾವ ಸಾಲಿನಲ್ಲಿದ್ದಾರೆ ಎಂದು ತಲೆ ಎತ್ತಿ ನೋಡಲಿಲ್ಲ.