ಹತ್ತುಮೀನಿಗೆ ದಾರಿ ಬಿಟ್ಟ ಹೂವಪ್ಪ

ಶೆಟ್ಟಿಕೊಪ್ಪದಿಂದ ಎರಡು ಮೈಲಿ ಒಳಗೆ, ಹಳ್ಳ ಗದ್ದೆಗೆ ತಾಗಿ ತಿರುಗುವಲ್ಲಿ ಹೂವಪ್ಪನ ಮನೆತನದ ಕೂಣಿ ಜಾಗ. ಮುಂಗಾರಿನ ಮೊದಲ ಕೆಂಪುನೀರು ಬಂದಾಗ ಹಳ್ಳದ ಮೀನು ಮೊಟ್ಟೆಯಿಡಲು ಗದ್ದೆಗೆ ಹತ್ತುತ್ತವೆ. ಅದಕ್ಕೇ ಅವು ಹತ್ತುಮೀನು. ಹತ್ತುವ ದಾರಿಗೆ ಬಿದಿರಿನ ಕೂಣಿ ಒಡ್ಡಿದರೆ ಒಳಹೊಕ್ಕ ಮೀನು ಹೊರಗೆ ಬರುವುದಿಲ್ಲ. ಯಾರ ಕೂಣಿ ಎಲ್ಲಿ ಎಂಬುದು ಯಾವ ಪಹಣಿಯಲ್ಲೂ ಇಲ್ಲ. ಆದರೂ ಒಬ್ಬನ ಕೂಣಿ ಕೂತ ಜಾಗಕ್ಕೆ ಇನ್ನೊಬ್ಬ ಕೈಹಾಕಿದರೆ ಅವನ ಮನೆ ಮದುವೆಗೆ ಊರು ಹೋಗುವುದಿಲ್ಲ.

ಹೂವಪ್ಪನಿಗೆ ಅರವತ್ತೊಂದು. ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು, ಹಳ್ಳವನ್ನು ಬಿಡಲಿಲ್ಲ. ಆ ಬಯಲಿನಲ್ಲಿ ಎಲ್ಲರೂ ಮಣ್ಣು ತುಂಬಿ ಗದ್ದೆಯನ್ನು ತೋಟ ಮಾಡಿಕೊಂಡ ಮೇಲೂ ಭತ್ತ ನೆಡುತ್ತಿರುವವನು ಅವನೊಬ್ಬನೇ. ಹಾಗಾಗಿ ಮೀನಿಗೆ ಮೊಟ್ಟೆಯಿಡಲು ಉಳಿದದ್ದೂ ಅವನ ಗದ್ದೆಯೊಂದೇ. ಒಂದು ಕಾಲಕ್ಕೆ ಮೊದಲ ಮಳೆಗೆ ಎರಡು ಕುಕ್ಕೆ ಮೀನು ಸಿಗುತ್ತಿದ್ದ ಜಾಗದಲ್ಲಿ ಹೋದ ಮುಂಗಾರಿಗೆ ಸಿಕ್ಕಿದ್ದು ಏಳು. ಎರಡು ಚೇಳುಮೀನು, ಐದು ಪುಡಿಮೀನು. ಅವುಗಳ ಹೊಟ್ಟೆ ಸೀಳಿದ ಹೆಂಡತಿ ಸರೋಜ, "ಎಲ್ಲಾ ಮೊಟ್ಟೆಯೇ ಮಾರಾಯ್ರೆ, ಮುಂದಿನ ವರ್ಷದ್ದನ್ನೂ ಇವತ್ತೇ ತಿಂತಿದೀವಿ" ಎಂದಳು. ಅವತ್ತು ಅವನಿಗೆ ಊಟ ಸೇರಲಿಲ್ಲ.

ಚಳಿಗಾಲದಲ್ಲಿ ಶೃಂಗೇರಿಯ ಒಂದು ಸಭಾಂಗಣದಲ್ಲಿ ಸಭೆ. ಹೋಂಸ್ಟೇಯವರು, ಕಾಫಿ ವ್ಯಾಪಾರದವರು, ಹಾಲಿನ ಸೊಸೈಟಿ, ಪಂಚಾಯ್ತಿ, ಎಲ್ಲಿಂದಲೋ ಬಂದ ಕಂಪನಿಯೊಂದರ ಟೈ ಕಟ್ಟಿದವರು. ನಡೆಸಿದ್ದು ಕೊಪ್ಪದ ಒಂದು ಟ್ರಸ್ಟಿನ ಶ್ರೀಕಾಂತ.

"ಇಷ್ಟು ಜನ ತುಂಬಿರೋ ದೇಶದಲ್ಲಿ ಕಾಡಿಗೆ ಬೇಲಿ ಹಾಕಿ ಜೀವಜಂತು ಉಳಿಸೋಕೆ ಆಗಲ್ಲ" ಎಂದ ಶ್ರೀಕಾಂತ. "ಪ್ರತಿಯೊಬ್ಬರೂ ತಮ್ಮದೊಂದು ಬಿಟ್ಟುಕೊಡಬೇಕು. ಕಾನೂನಿಲ್ಲ, ದಂಡ ಇಲ್ಲ. ಸ್ವಯಂಪ್ರೇರಿತ."

ಮಾತು ಸುಳ್ಳಲ್ಲ. ಕೆಟ್ಟದ್ದು ಆಮೇಲೆ ಬರೆದುಕೊಂಡ ಮಾತುಗಳ ಪಟ್ಟಿ. ಕಂಪನಿಯವರು ಜಾಗೃತಿ ಮೂಡಿಸುತ್ತೇವೆ ಎಂದರು. ಕಾಫಿಯವರು ಚಿಂತನೆ ನಡೆಸುತ್ತೇವೆ ಎಂದರು. ಹಳ್ಳದ ಮೇಲುಗಡೆ ಹೋಂಸ್ಟೇ ಇಟ್ಟ ಧರ್ಮೇಶ್ ಹಳ್ಳದುದ್ದಕ್ಕೂ ಬೋರ್ಡು ಹಾಕಿಸುತ್ತೇನೆ ಎಂದ. ಒಬ್ಬನೇ ಒಬ್ಬನ ತಟ್ಟೆಯಿಂದ ಒಂದು ತುತ್ತು ಕಮ್ಮಿಯಾಗಲಿಲ್ಲ. ಕೊನೆ ಬೆಂಚಿನಿಂದ ಹೂವಪ್ಪ ಎದ್ದ.

"ನಾನು ಕೂಣಿ ಹಾಕಲ್ಲ. ಗದ್ದೆಗೆ ಮಣ್ಣೂ ತುಂಬಲ್ಲ. ಅಷ್ಟೇ ನನ್ ಹತ್ರ ಇರೋದು."

ಚಪ್ಪಾಳೆ ಬಿತ್ತು. ಫೋಟೋ ತೆಗೆದರು. ಊರಿಗೆ ಬಂದವನಿಗೆ ಸರೋಜ, "ನಿಮ್ ಜಾಗ ನೀವೇ ಖಾಲಿ ಮಾಡಿದ್ರಲ್ಲ, ಇನ್ಯಾರಾದ್ರೂ ಬಂದು ಕೂತ್ರೆ?" ಎಂದಳು.

"ನಮ್ ಕೂಣಿ ಜಾಗಕ್ಕೆ ಯಾರು ಬರ್ತಾರೆ ಮಾರಾಯ್ತಿ? ಊರಲ್ಲಿ ರಿವಾಜು ಸತ್ತೋಯ್ತಾ?"

ಅಲ್ಲೇ ಅವನು ಎಡವಿದ್ದು. ರಿವಾಜು ಕಾಯುವುದು ಕೂತ ಕೂಣಿಯನ್ನು, ಬಿಟ್ಟ ಜಾಗವನ್ನಲ್ಲ. ಅಷ್ಟು ತಲೆಮಾರಿನಲ್ಲಿ ಯಾರೂ ಬಿಟ್ಟಿರಲಿಲ್ಲವಾದ್ದರಿಂದ ಅದು ಅವನಿಗೆ ಹೊಳೆಯಲೇ ಇಲ್ಲ. ಜೊತೆಗೆ ಧರ್ಮೇಶ್ ತಾನು ಹೇಳಿದ್ದ ಬೋರ್ಡನ್ನು ಸರಿಯಾಗಿ ಅಲ್ಲೇ ನೆಟ್ಟಿದ್ದ: 'ಈ ತಾಣವನ್ನು ಶ್ರೀ ಹೂವಪ್ಪನವರು ಪ್ರಕೃತಿಗೆ ಬಿಟ್ಟುಕೊಟ್ಟಿದ್ದಾರೆ.'

ಜೂನಿನ ಮೊದಲ ವಾರ, ಮಧ್ಯಾಹ್ನ, ಗುಡುಗಿ ಸುರಿದು ಹಳ್ಳ ಕೆಂಪಾಯಿತು. ಮೀನು ಹತ್ತುವುದನ್ನು ನೋಡೋಣವೆಂದು ಮಳೆಗೆ ಗೊರಬು ಹೊದ್ದುಕೊಂಡು ಹೋದ ಹೂವಪ್ಪನಿಗೆ ಕಂಡದ್ದು ಬಣ್ಣಬಣ್ಣದ ರೈನ್‌ಕೋಟಿನ ಹನ್ನೆರಡು ಜನ. ಕೈಯಲ್ಲಿ ಬಲೆ, ಬಕೆಟ್ಟು, ಮೊಬೈಲು. ನಡುವೆ ನಿಂತು ಧರ್ಮೇಶ್ ಹೇಳಿಕೊಡುತ್ತಿದ್ದ. ಹೋಂಸ್ಟೇಯ ಹೊಸ ಆಕರ್ಷಣೆ, 'ಹತ್ತುಮೀನು ಅನುಭವ'. ಬಕೆಟ್ಟಿನಲ್ಲಿ ಮೊಟ್ಟೆಯುಬ್ಬಿದ ಹೊಟ್ಟೆಗಳು ಒದ್ದಾಡುತ್ತಿದ್ದವು.

"ಎಂತ ಮಾಡ್ತಿದೀಯ ಧರ್ಮೇಶ? ನಾನು ಬಿಟ್ಟಿದ್ದು ಮೀನಿಗೆ, ನಿಂಗಲ್ಲ!"

"ಹೂವಪ್ಪಣ್ಣ, ಬೈಬೇಡಿ, ಗೆಸ್ಟ್ ಇದಾರೆ. ಜಾಗ ಈಗ ನಿಮ್ದಲ್ವಲ್ಲ? ಎಲ್ರದ್ದೂ. ಬೋರ್ಡ್ ಓದಿ."

ಮರುದಿನ ಹೂವಪ್ಪ ಬಸ್ಸು ಹಿಡಿದು ಕೊಪ್ಪಕ್ಕೆ ಹೋದ. ಶ್ರೀಕಾಂತ ಪಟ್ಟಿ ತೆಗೆದು ನೋಡಿದ. "ಧರ್ಮೇಶ್ ಅವ್ರು ಕೊಟ್ಟ ಮಾತು ಬೋರ್ಡಿಂದು ಮಾತ್ರ. ಅದನ್ನ ಪೂರ್ತಿ ಮಾಡಿದಾರೆ. ಮೀನು ಹಿಡಿಯಲ್ಲ ಅಂತ ಅವ್ರು ಹೇಳೇ ಇಲ್ವಲ್ಲ."

"ಹಂಗಾದ್ರೆ ಈಗ ಹೇಳ್ಸಿ."

"ಸ್ವಯಂಪ್ರೇರಿತ ಹೂವಪ್ಪನೋರೇ. ನಾವು ಯಾರಿಗೂ ಹೇಳ್ಸೋ ಹಾಗಿಲ್ಲ."

ಮನೆಗೆ ಬಂದವನೇ ಅಟ್ಟ ಹತ್ತಿದ. ಹೊಗೆ ಹಿಡಿದು ಕಪ್ಪಾಗಿದ್ದ ಕೂಣಿ ಇಳಿಸಿ, ಅದರ ಬಾಲದ ಕಡೆಯ ಹಗ್ಗ ಬಿಚ್ಚಿ, ಒಳಗಿನ ಚೂಪು ಕಡ್ಡಿಗಳನ್ನು ಒಂದೊಂದಾಗಿ ಕಿತ್ತ. ಈಗ ಅದು ಎರಡೂ ಕಡೆ ಬಾಯಿರುವ ಬಿದಿರಿನ ಕೊಳವೆ. ಕೆಳಗಿಂದ ಹೊಕ್ಕ ಮೀನು ನೇರ ಗದ್ದೆಗೆ.

"ಇದ್ರಲ್ಲಿ ಸಾರಿಗೆ ಎಂತ ಸಿಗತ್ತೆ?" ಎಂದಳು ಸರೋಜ.

"ಏನೂ ಇಲ್ಲ. ಆದ್ರೆ ಧರ್ಮೇಶಂಗೂ ಏನೂ ಇಲ್ಲ."

ಕೂಣಿ ಕೂತಿತು. ಎರಡನೇ ಮಳೆಗೆ ಧರ್ಮೇಶ್ ಗೆಸ್ಟುಗಳನ್ನು ಕರೆತಂದ, ಕೂಣಿ ನೋಡಿದ, ಅಕ್ಕಪಕ್ಕದ ಅಂಚಿನ ಮೇಲೆ ನಿಂತ ಊರಿನ ನಾಲ್ಕು ಜನರ ಮುಖ ನೋಡಿದ. ಎಷ್ಟು ಹೋಂಸ್ಟೇ ಕಟ್ಟಿದರೂ ಅವನೂ ಅದೇ ಊರವನು. ಮದುವೆ ವಯಸ್ಸಿಗೆ ಬಂದ ತಂಗಿ ಮನೆಯಲ್ಲಿದ್ದಳು. ಹಿಂದೆ ತಿರುಗಿದ. ತಿರುಗುವ ಮುಂಚೆ ಮೊಬೈಲಿನಲ್ಲಿ ಒಂದು ಫೋಟೋ ತೆಗೆದ.

ಆ ಫೋಟೋ ಟ್ರಸ್ಟಿನ ಗ್ರೂಪಿಗೆ ಹೋಯಿತು. ಮಾತು ಕೊಟ್ಟವನ ಗದ್ದೆ ಬಾಯಲ್ಲಿ ಕೂಣಿ! ಅದರ ಬಾಲ ಬಿಚ್ಚಿದೆಯೋ ಕಟ್ಟಿದೆಯೋ ಬಗ್ಗಿ ನೋಡಲು ಕೊಪ್ಪದಿಂದ ಯಾರೂ ಬರಲಿಲ್ಲ. ಶ್ರೀಕಾಂತ ಫೋನು ಮಾಡಿದ, "ತೆಗೆದುಬಿಡಿ, ಇಲ್ಲಾಂದ್ರೆ ನಿಮ್ ಹೆಸರು ತೆಗೀಬೇಕಾಗತ್ತೆ."

"ನೀವು ಒಂದ್ಸಲ ಬಂದು ಒಳಗೆ ಕೈಹಾಕಿ ನೋಡಿ ಮಾರಾಯ್ರೆ."

"ಈ ತಿಂಗಳು ವರದಿ ಕೆಲ್ಸ ಇದೆ."

ವರದಿ ಬಂತು, ನುಣುಪು ಕಾಗದದಲ್ಲಿ. ಜಾಗೃತಿ ಮೂಡಿಸಿದವರು, ಚಿಂತನೆ ನಡೆಸಿದವರು, ಬೋರ್ಡು ನೆಟ್ಟವರು ಎಲ್ಲರೂ ನೂರಕ್ಕೆ ನೂರು. ಬದ್ಧತೆ ಮುರಿದವರ ಕಾಲಂನಲ್ಲಿ ಮೂರು ತಾಲ್ಲೂಕಿಗೆ ಒಂದೇ ಹೆಸರು.

ಸರೋಜ ಅಂಚಿನ ಮೇಲೆ ನಿಂತು ಅದನ್ನು ಓದಿ ಹೇಳಿದಾಗ ಹೂವಪ್ಪ ನಾಟಿ ಗದ್ದೆಯಲ್ಲಿದ್ದ. ಕಣಕಾಲು ಮುಳುಗುವ ನೀರಿನಲ್ಲಿ ಸಾಸಿವೆಯಷ್ಟು ಮರಿಗಳು ಅವನ ಕಾಲಿನ ಸುತ್ತ ಚದುರುತ್ತಿದ್ದವು. ಕಾಲೆತ್ತಿದರೆ ತುಳಿದೇನೆಂಬ ಹೆದರಿಕೆಗೆ ಸ್ವಲ್ಪ ಹೊತ್ತು ಹಾಗೇ ನಿಂತ. ಆಮೇಲೆ, "ಹೆಸರು ಸರಿಯಾಗಿ ಬರ್ದಿದಾರಾ?" ಎಂದು ಕೇಳಿ, ಮುಂದಿನ ಸಸಿ ಊರಿದ.